ಕೊನೆಯ ಅಧ್ಯಾಯದ ಹಾಡು

ಬೆಳಗಿನ ಜಾವ ನಾಲ್ಕೂವರೆ. ಮೂರನೇ ಮಹಡಿಯ ಈ ಪುಟ್ಟ ಮನೆಯಲ್ಲಿ ದಿನದ ಮೊದಲ ಕೆಲಸ ಫ್ರಿಜ್ ಆರಿಸುವುದು. ಗುಂಯ್‌ಗುಡುತ್ತಿದ್ದ ಅದು ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತದೆ. ಇಲ್ಲಿರುವ ಅಣ್ಣ-ತಂಗಿಯರಲ್ಲಿ ತಂಗಿ ಅದರ ಬಾಗಿಲು ತೆಗೆದು ಮನೆಯ ಬೀಗದ ಕೈಯನ್ನು ಹಾಲಿನ ಪಾತ್ರೆಯ ಪಕ್ಕದಲ್ಲಿಟ್ಟು ಮುಚ್ಚುತ್ತಾರೆ. ನಾನು ಕಣ್ಣುಕಣ್ಣು ಬಿಡುವುದನ್ನು ನೋಡಿ ವಿವರಿಸುತ್ತಾರೆ: ಕೆಲಸ ಮುಗಿಸಿ ಹೊರಡುವಾಗ ಬೀಗದ ಕೈಗಾಗಿ ಫ್ರಿಜ್ ತೆಗೆಯಲೇಬೇಕು, ತೆಗೆದಾಗ ಅದನ್ನು ಮತ್ತೆ ಹಾಕಬೇಕೆಂದು ನೆನಪಾಗುತ್ತದೆ. ಮೊದಲೆರಡು ವರ್ಷ ಈ ಉಪಾಯ ಹೊಳೆಯದೆ ಎಷ್ಟು ಹಾಲು ಒಡೆಯಿತೋ ಲೆಕ್ಕವಿಲ್ಲ.

ಆಮೇಲೆ ಗೋಡೆ ಗಡಿಯಾರದ ಸೆಲ್ ಹೊರಬರುತ್ತದೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಮಡಿಸಿದ ಬಟ್ಟೆ ಬೀಳುತ್ತದೆ. ಕೊನೆಗೆ ಸರದಿ ನನ್ನದು. ಸರಬರ ಎನ್ನುವ ನನ್ನ ಜಾಕೀಟನ್ನು ಬಿಚ್ಚಿಸಿ, ವಾಚು ಕಳಚಿಸಿ, ಚಪ್ಪಲಿಯನ್ನು ಮೆಟ್ಟಿಲಿಗೆ ಅಟ್ಟಿ, ಒಂದು ಮೂಲೆಯಲ್ಲಿ ಕೂರಿಸುತ್ತಾರೆ. ನಾಲ್ಕಕ್ಕೆ ಏಳುವ ಜಾಯಮಾನ ನನ್ನದಲ್ಲ. ಈ ಲೇಖನಕ್ಕೆಂದು ಕಳಿಸಿದ ಸಂಪಾದಕರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತ ಪಿಟಕ್ಕೆನ್ನದೆ ಕೂರುತ್ತೇನೆ.

ಅಣ್ಣ ಬರೀ ಕಾಲುಚೀಲದಲ್ಲಿ ನಡೆದು ಬಂದು ಉಗ್ರಾಣದ ಕೋಣೆ ಹೊಗುತ್ತಾರೆ. ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಚಿಕ್ಕ ಕೋಣೆ. ನಾಲ್ಕೂ ಗೋಡೆಗೆ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು ತೂಗುಹಾಕಿದೆ. ಒಂದು ಸ್ಟೂಲು, ಒಂದು ದೀಪ, ಒಂದು ಮೈಕು, ಒಂದು ಲೋಟ ಬಿಸಿನೀರು. ಬಾಗಿಲಿಗೆ ಹಳೆ ಬಸ್ಸಿನ ಕಿಟಕಿಯ ಗಾಜು ಕೂರಿಸಿದ್ದಾರೆ. ಗಾಜಿನ ಈಚೆ ತಂಗಿ ಧ್ವನಿಮುದ್ರಣದ ಯಂತ್ರದ ಮುಂದೆ ಕೂರುತ್ತಾರೆ. ಇವರಿಬ್ಬರ ನಡುವೆ ಮಾತಿಲ್ಲ, ಬರೀ ಕೈಸನ್ನೆ. ಮುಷ್ಟಿ ಹಿಡಿದರೆ ಚೆನ್ನಾಗಿದೆ ಎಂದರ್ಥ. ಅಂಗೈ ತೋರಿಸಿದರೆ ನಿಲ್ಲಿಸು, ಏನೋ ಸದ್ದು ಬಂತು ಎಂದರ್ಥ. ತೋರುಬೆರಳು ಎತ್ತಿದರೆ, ಇನ್ನೊಂದು ಸಲ.

ಅಣ್ಣ ಪುಟ ತೆರೆದು ಓದತೊಡಗುತ್ತಾರೆ. ಎರಡನೇ ಪ್ಯಾರಾದ ಹೊತ್ತಿಗೆ ಗುರ್ ಎಂದು ಒಂದು ಸದ್ದು. ತಂಗಿಯ ಅಂಗೈ ಮೇಲೇಳುತ್ತದೆ, ಅವರ ಕಣ್ಣು ನನ್ನತ್ತ ತಿರುಗುತ್ತದೆ. ಸದ್ದು ನನ್ನ ಹೊಟ್ಟೆಯದು. ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತೇನೆ. ಅವರು ಎದ್ದು ಹೋಗಿ ಎರಡು ಬಿಸ್ಕತ್ತು ತಂದು ಕೈಗಿಟ್ಟು, ನಾಲಿಗೆಯ ಮೇಲಿಟ್ಟು ನೆನೆಸಿ ತಿನ್ನಬೇಕು, ಕಚ್ಚಕೂಡದು ಎಂದು ಪಿಸುಗುಟ್ಟುತ್ತಾರೆ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವುದು ಈ ಅಣ್ಣನ ಕೆಲಸ. ವಯಸ್ಸು ಅರವತ್ತಮೂರು. ಕೇಳುಗರು ಇವರನ್ನು ಓದಣ್ಣ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ಓದಿ ಮುಗಿಸಿರುವುದು ಮುನ್ನೂರ ಹದಿನಾಲ್ಕು ಪುಸ್ತಕ. ಹೆಚ್ಚಿನವು ಕಾದಂಬರಿಗಳು, ಅವುಗಳಲ್ಲೂ ಅರ್ಧದಷ್ಟು ಬೇರೆ ಬೇರೆ ದೇಶಗಳಿಂದ ಅನುವಾದವಾಗಿ ಬಂದವು. ದಿನದ ಲೆಕ್ಕ ಸರಳವಾಗಿದೆ. ನಾಲ್ಕೂವರೆಗೆ ಶುರು, ಆರು ಹತ್ತಕ್ಕೆ ಬೀದಿಯಲ್ಲಿ ಮೊದಲ ಬಸ್ಸು, ಅಲ್ಲಿಗೆ ಮುಗಿಯಿತು. ಆ ನೂರು ನಿಮಿಷದಲ್ಲಿ ಹನ್ನೊಂದು ಪುಟ. ಏಳಕ್ಕೆ ತಂಗಿ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಹೊರಡಬೇಕು.

ಪುಸ್ತಕಗಳು ಹೋಗಿ ಸೇರುವುದು ಒಂದು ಧ್ವನಿ ಪುಸ್ತಕಾಲಯಕ್ಕೆ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರತಿ ಧ್ವನಿಮುದ್ರಣದ ಕೊನೆಯಲ್ಲಿ ಓದಿದವರು ‘ಪುಸ್ತಕ ಇಲ್ಲಿಗೆ ಮುಗಿಯಿತು’ ಎಂದು ಹೇಳಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಅರ್ಧಂಬರ್ಧ ಪುಸ್ತಕಗಳು ಕೇಳುಗರ ಕೈಸೇರಿ, ಕೊಲೆಗಾರ ಯಾರೆಂದು ಗೊತ್ತಾಗದೆ ಒದ್ದಾಡಿದವರು ಗಲಾಟೆ ಎಬ್ಬಿಸಿದ್ದರಿಂದ ಬಂದ ನಿಯಮ. ಆ ಮೂರು ಪದವಿಲ್ಲದ ಪುಸ್ತಕ ಕಪಾಟು ಹತ್ತುವುದಿಲ್ಲ. ಅದರ ಹಳೆಯ ಧ್ವನಿಮುದ್ರಣವೇನಾದರೂ ಇದ್ದರೆ, ಹೊಸದು ಹತ್ತುವತನಕ ಹಳೆಯದೇ ಓಡಾಡುತ್ತಿರುತ್ತದೆ. ಹೊಸದು ಹತ್ತಿದ ದಿನ ಹಳೆಯದನ್ನು ಅಳಿಸಿಬಿಡುತ್ತಾರೆ.

ಇಷ್ಟು ಉದ್ದಕ್ಕೆ ನಿಯಮ ಹೇಳಿದ್ದಕ್ಕೆ ಕಾರಣವಿದೆ. ನಾನು ಬಂದಿರುವ ಈ ವಾರ ಓದಣ್ಣ ಓದುತ್ತಿರುವುದು ಹೊಸ ಪುಸ್ತಕವನ್ನಲ್ಲ. ಹನ್ನೊಂದು ವರ್ಷಗಳ ಹಿಂದೆ ತಾವೇ ಓದಿದ ಕಾದಂಬರಿಯೊಂದರ ಕೊನೆಯ ಅಧ್ಯಾಯವನ್ನು ಮತ್ತೆ ಓದುತ್ತಿದ್ದಾರೆ. ಹತ್ತೊಂಬತ್ತು ಪುಟ. ಸೋಮವಾರ, ಮಂಗಳವಾರ, ಬುಧವಾರ, ಹೀಗೆ ಮೂರು ಮುಂಜಾವು ಕೈಯಲ್ಲಿವೆ. ಗುರುವಾರ ಅವರ ಗಂಟಲಿನ ಶಸ್ತ್ರಚಿಕಿತ್ಸೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುತ್ತಾರೆ.

ಗಡ್ಡೆ ಪತ್ತೆಯಾಗಿದ್ದು ಎರಡು ತಿಂಗಳ ಹಿಂದೆ. ಅದಕ್ಕೂ ಮೊದಲು ಅರ್ಧ ವರ್ಷ ದನಿ ಒಡೆದಿತ್ತು, ಅಣ್ಣ ಅದನ್ನು ನೆಗಡಿ ಎಂದು ತಳ್ಳಿಹಾಕುತ್ತ ಬಂದರು. ಮೊದಲು ಗುರುತಿಸಿದ್ದು ತಂಗಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಪ್ಪತ್ತೆರಡು ವರ್ಷ ಅದೇ ದನಿಯನ್ನು ಕೇಳಿದವರು ಅವರು. ‘ಕ’ ಅಕ್ಷರ ಬಂದಾಗಲೆಲ್ಲ ಒಳಗೆಲ್ಲೋ ಮರಳು ಉದುರಿದ ಹಾಗೆ ಕೇಳಿಸಿತಂತೆ. ಡಾಕ್ಟರಿಗೆ ತೋರಿಸೋಣ ಎಂದು ಗೋಗರೆದರೆ, ಈ ಪುಸ್ತಕ ಮುಗಿಯಲಿ, ಈ ಪುಸ್ತಕ ಮುಗಿಯಲಿ ಎಂದು ಮೂರು ಪುಸ್ತಕ ಮುಗಿಸಿದರು. ಆ ಸಿಟ್ಟು ತಂಗಿಗೆ ಇನ್ನೂ ಆರಿಲ್ಲ. ಆರುವ ಸಿಟ್ಟೂ ಅದಲ್ಲ.

ಈಗ ಹನ್ನೊಂದು ಪುಟ ಆಗುವುದಿಲ್ಲ, ಆರು ಪುಟಕ್ಕೇ ಕುತ್ತಿಗೆಯ ನರ ಉಬ್ಬುತ್ತದೆ. ಮೊದಲ ದಿನ ಆರು ಪುಟ ಮುಗಿಸಿ ಹೊರಬಂದು, ಬೆವರು ಒರೆಸಿಕೊಂಡು, ನನ್ನೆದುರು ಕೂತು ಬೆರಳಲ್ಲಿ ಹದಿಮೂರು ಎಂದು ತೋರಿಸಿದರು. ಉಳಿದ ಪುಟಗಳ ಲೆಕ್ಕ.

ಹಗಲಿನಲ್ಲಿ ಅವರು ಮಾತಾಡಬಾರದು. ಆದರೂ ಮಧ್ಯಾಹ್ನ ಹೋಗಿ ಕೂತರೆ ತಡೆಯಲಾರದೆ ಪಿಸುಮಾತಿನಲ್ಲಿ ಶುರು ಮಾಡುತ್ತಾರೆ. ಉಳಿದದ್ದನ್ನು ತಂಗಿ ರಜೆ ಹಾಕಿ ಕೂತು ಹೇಳಿದ್ದಾರೆ. ಮೂಲತಃ ಇವರು ಓದುವವರಲ್ಲ, ಹಾಡುವವರು. ಇಪ್ಪತ್ತೆರಡರ ವಯಸ್ಸಿಗೆ ಒಂದು ದೊಡ್ಡ ಹೋಟೆಲಿನ ವಾದ್ಯವೃಂದ ಸೇರಿದರು. ಡ್ರಮ್ಮು, ಗಿಟಾರು, ಅಕಾರ್ಡಿಯನ್ನು, ಮುಂದೆ ಬಿಳಿ ಕೋಟಿನಲ್ಲಿ ಇವರು. ಊಟಕ್ಕೆ ಬರುವವರು ನಾನಾ ದೇಶದವರು, ಅವರವರ ದೇಶದ ಜನಪ್ರಿಯ ಹಾಡು ಬೇಕು. ಹಾಗಾಗಿ ಏಳು ಭಾಷೆಗಳಲ್ಲಿ ಹಾಡುತ್ತಿದ್ದರು. ಏಳರಲ್ಲಿ ಒಂದೂ ಬರುತ್ತಿರಲಿಲ್ಲ.

ಅದಕ್ಕೆ ಸಾಕ್ಷಿ ಒಂದು ಉದ್ದನೆಯ ರಟ್ಟಿನ ನೋಟುಬುಕ್ಕು. ರೆಕಾರ್ಡು ಕೇಳಿ ಕೇಳಿ, ಕಿವಿಗೆ ಬಿದ್ದ ಶಬ್ದಗಳನ್ನು ನಮ್ಮ ಲಿಪಿಯಲ್ಲಿ ಇಳಿಸಿಕೊಂಡಿದ್ದಾರೆ. ಎಲ್ಲಿ ಉಸಿರು ತೆಗೆಯಬೇಕೋ ಅಲ್ಲಿ ಕೆಂಪು ಗೀಟು, ಎಲ್ಲಿ ನಗಬೇಕೋ ಅಲ್ಲಿ ಒಂದು ಚುಕ್ಕೆ. ನಾನು ಒಂದು ಪುಟ ಗಟ್ಟಿಯಾಗಿ ಓದಲು ಹೋಗಿ ನಾಲಿಗೆ ತೊಡರಿಸಿಕೊಂಡೆ. ತಂಗಿ ಬಾಯಿ ಮುಚ್ಚಿಕೊಂಡು ನಕ್ಕರು. ಮೂರು ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೊಂದೇ ಸಲ.

“ಜನ ಎದ್ದು ಕುಣಿದ್ರೆ ಖುಷಿ ಹಾಡು, ತಲೆ ತಗ್ಗಿಸಿ ಲೋಟ ನೋಡ್ತಾ ಕೂತ್ರೆ ದುಃಖದ ಹಾಡು ಅಂತ ಅಂದ್ಕೊಳ್ತಿದ್ದೆ,” ಎನ್ನುತ್ತಾರೆ ಓದಣ್ಣ. “ಹತ್ತೊಂಬತ್ತು ವರ್ಷ ಅರ್ಥ ಗೊತ್ತಿಲ್ದೆ ಹಾಡಿದೀನಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ಆಮೇಲೆ ಹೋಟೆಲಿಗೆ ಯಂತ್ರದ ಸಂಗೀತ ಬಂತು, ವಾದ್ಯವೃಂದ ಮನೆಗೆ ಹೋಯಿತು. ಇವರನ್ನು ಮಾತ್ರ ಪಾಪ ಎಂದು ಉಳಿಸಿಕೊಂಡು ಅದೇ ಹೋಟೆಲಿನ ಲಿಫ್ಟಿಗೆ ಹಾಕಿದರು. ಬಿಳಿ ಕೋಟು ಹೋಗಿ ಬೂದು ಕೋಟು ಬಂತು. ಲಿಫ್ಟಿನಲ್ಲಿ ದಿನವಿಡೀ ಸಣ್ಣಗೆ ವಾದ್ಯಸಂಗೀತ ಹಾಕಿರುತ್ತಿದ್ದರು. ಇವರು ಹಾಡುತ್ತಿದ್ದ ಅವೇ ಹಾಡುಗಳು, ಮಾತಿಲ್ಲದೆ. ಹತ್ತೊಂಬತ್ತು ವರ್ಷ ಅದನ್ನು ಕೇಳುತ್ತ ಮೇಲೆ ಕೆಳಗೆ ಓಡಾಡಿ ನಿವೃತ್ತರಾದರು. ಇಂಥದ್ದನ್ನು ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎಂದು ಮೂಗು ಮುರಿಯುತ್ತೇವೆ. ಬದುಕಿಗೆ ಆ ಸಂಕೋಚವಿಲ್ಲ.

ಲಿಫ್ಟಿಗೆ ಸೇರಿದ ವರ್ಷವೇ ಧ್ವನಿ ಪುಸ್ತಕಾಲಯದವರು ಓದುವ ದನಿ ಬೇಕೆಂದು ಚೀಟಿ ಅಂಟಿಸಿದ್ದು ಕಣ್ಣಿಗೆ ಬಿತ್ತು. ಹೋದರು, ಓದಿದರು. ಮೊದಲ ಪುಸ್ತಕಕ್ಕೇ ಫೋನಿನಲ್ಲಿ ಒಬ್ಬರು ತಕರಾರು ತೆಗೆದರಂತೆ: ‘ಅವಳು ಒಂದು ಹಾಡು ಹಾಡಿದಳು’ ಅಂತ ಓದ್ತೀರಿ, ಎಲ್ಲಿ ಹಾಡಿದಳು, ನಮಗೇನೂ ಕೇಳಿಸಲಿಲ್ಲ? ಅಂದಿನಿಂದ ಈ ಮನೆಯಲ್ಲಿ ಒಂದು ಪದ್ಧತಿ. ಪುಸ್ತಕದಲ್ಲಿ ಹಾಡು ಬಂದರೆ ಹಾಡಲೇಬೇಕು.

ಕೇಳಲು ಸುಲಭ. ಆದರೆ ಈಗಿನ ಕಾದಂಬರಿಗಳನ್ನು ತೆರೆದು ನೋಡಿ. ಪಾತ್ರಗಳು ಬಾಯಿ ಬಿಟ್ಟರೆ ಹಾಡು. ಟ್ಯಾಕ್ಸಿಯ ರೇಡಿಯೊದಲ್ಲಿ ಒಂದು, ಜೈಲಿನ ಕಕ್ಕಸಿನಲ್ಲಿ ಗುನುಗಲು ಒಂದು, ಹೆಂಡತಿ ಬಿಟ್ಟುಹೋದ ಮಧ್ಯಾಹ್ನ ಪಕ್ಕದ ಮನೆಯಿಂದ ತೇಲಿಬರಲು ಒಂದು. ಬರೆದವರು ಒಂದು ಸಾಲು ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಆ ದೇಶದ ಓದುಗರ ಕಿವಿಯಲ್ಲಿ ಅದು ತಾನಾಗಿ ಮೊಳಗುತ್ತದೆ. ಅನುವಾದದಲ್ಲಿ ಮಾತು ಮಾತ್ರ ಗಡಿ ದಾಟಿ ಬರುತ್ತದೆ, ರಾಗ ಆಚೆ ಕಡೆಯೇ ಉಳಿಯುತ್ತದೆ. ಕಣ್ಣಿದ್ದು ಓದುವ ನಾವು ಆ ಸಾಲನ್ನು ಹಾರಿ ಹೋಗುತ್ತೇವೆ. ಓದಣ್ಣ ಹಾರುವ ಹಾಗಿಲ್ಲ.

ಹಾಗಾಗಿ ರಾಗ ಹುಡುಕಿಕೊಂಡು ಅಲೆದಿದ್ದಾರೆ. ಗುಜರಿ ಅಂಗಡಿಗಳಲ್ಲಿ ಹಳೆ ರೆಕಾರ್ಡು ಕೆದಕಿದ್ದಾರೆ. ಹೊರದೇಶದ ವಿದ್ಯಾರ್ಥಿಗಳ ಹಾಸ್ಟೆಲಿನ ಗೇಟಿನಲ್ಲಿ ನಿಂತು, ನಿಮ್ಮ ಅಜ್ಜಿ ಈ ಹಾಡು ಹೇಳುತ್ತಿದ್ದರಾ ಎಂದು ಕೇಳಿ ಕಾವಲುಗಾರನಿಂದ ಬೈಸಿಕೊಂಡಿದ್ದಾರೆ. ಲಿಫ್ಟು ಹತ್ತಿದ ಅತಿಥಿಗಳನ್ನು ಕೇಳಿದ್ದಾರೆ. ಐದನೇ ಮಹಡಿಗೆ ಹೋಗುವ ಮುದುಕಿಯೊಬ್ಬರು ಹಾಡು ಮುಗಿಯಲೆಂದು ಎರಡು ಸಲ ಮೇಲೆ ಕೆಳಗೆ ಹೋಗಿಬಂದರಂತೆ. ಹಾಡಿರುವ ನೂರ ಇಪ್ಪತ್ತೇಳು ಪುಸ್ತಕಗಳಲ್ಲಿ ಅಸಲಿ ರಾಗ ಸಿಕ್ಕಿದ್ದು ತೊಂಬತ್ತಕ್ಕೆ. ಉಳಿದದ್ದಕ್ಕೆ ಮಾತಿನ ಭಾವ ನೋಡಿಕೊಂಡು ತಾವೇ ಒಂದು ರಾಗ ಕಟ್ಟಿದ್ದಾರೆ. ಎಡವಟ್ಟು ಆಗಿದ್ದು ಅಂಥದ್ದೊಂದರಲ್ಲಿ.

ಕಾದಂಬರಿಯ ಕಥೆ ಇಷ್ಟು. ಬಂದರಿನ ಊರಿನಲ್ಲಿ ಬಟ್ಟೆ ಒಗೆದು ಬದುಕುವ ಹೆಂಗಸು, ದೋಣಿಯಲ್ಲಿ ಹೋದ ಗಂಡ ಮೂರು ವರ್ಷವಾದರೂ ಬಂದಿಲ್ಲ. ಕೊನೆಯ ಪುಟದಲ್ಲಿ ಅವಳು ಕಿಟಕಿ ತೆರೆದು, ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ರೇಡಿಯೊ ಹಾಡನ್ನು ಹಾಡುತ್ತಾಳೆ. ಬಾಗಿಲಿಗೆ ಚಿಲಕ ಹಾಕಿಲ್ಲ, ಒಲೆ ಇನ್ನೂ ಬಿಸಿ ಇದೆ, ಎರಡು ತಟ್ಟೆ ತೊಳೆದಿಟ್ಟಿದ್ದೇನೆ, ಬೇಗ ಬಾ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅವಳು ನಕ್ಕಳೋ ಅತ್ತಳೋ ಲೇಖಕ ಹೇಳಿಲ್ಲ. ಅವನ ಓದುಗರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಓದಣ್ಣ ಓದಿದರು. ತೆರೆದ ಕಿಟಕಿ, ಬಿಸಿ ಒಲೆ, ಎರಡು ತಟ್ಟೆ. ಓಹೋ, ಇವಳ ಬಾಳಿಗೆ ಹೊಸಬನೊಬ್ಬ ಬರುತ್ತಿದ್ದಾನೆ ಎಂದುಕೊಂಡರು. ಕೈತಾಳ ಹಾಕಬಹುದಾದಂಥ ಒಂದು ಗೆಲುವಿನ ರಾಗ ಕಟ್ಟಿ, ನಗುನಗುತ್ತ ಹಾಡಿ, ಪುಸ್ತಕ ಇಲ್ಲಿಗೆ ಮುಗಿಯಿತು ಎಂದರು.

ಹನ್ನೊಂದು ವರ್ಷ ಅದು ನೂರಾರು ಮನೆಗಳಿಗೆ ಹೋಗಿಬಂತು. ತಿಂಗಳಿಗೊಮ್ಮೆ ಸೇರುವ ಕೇಳುಗರ ಕೂಟದಲ್ಲಿ ಆ ಹೆಂಗಸಿನ ಬಗ್ಗೆ ಭಾರೀ ಚರ್ಚೆ ನಡೆಯಿತು. ಗಂಡ ತೊಲಗಿದ್ದೇ ಒಳ್ಳೆಯದಾಯಿತು ಎಂದು ಅವಳಿಗೆ ಅನಿಸಿದೆ, ಅದಕ್ಕೇ ಹಾಡುತ್ತಾಳೆ, ಗಟ್ಟಿಗಿತ್ತಿ ಎಂದು ಎಲ್ಲರೂ ತಲೆದೂಗಿದರು. ಕಣ್ಣಿರುವ ಓದುಗರು ಯಾರೂ ಆ ಪುಸ್ತಕವನ್ನು ಹಾಗೆ ಓದಿಲ್ಲ.

ಕಳೆದ ತಿಂಗಳು ಒಂದು ಫೋನು ಬಂತು. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದು, ಈಚೆಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡ ಹಿರಿಯರು. ಪುಸ್ತಕ ಕೇಳಲು ಹೊಸಬರು. ಕಾದಂಬರಿ ಚೆನ್ನಾಗಿದೆ, ಆದರೆ ಆ ಹಾಡಿಗೆ ಅದಲ್ಲ ರಾಗ ಎಂದರು. ಆ ಬಂದರಿನಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೇನೆ, ಸಮುದ್ರಕ್ಕೆ ಹೋಗಿ ವಾಪಸು ಬಾರದವರಿಗಾಗಿ ಹಾಡುವುದು ಅದು ಎಂದು ಹೇಳಿ, ಒಡಕು ದನಿಯಲ್ಲಿ ನಾಲ್ಕು ಸಾಲು ಗುನುಗಿದರು.

ತಂಗಿ ಅಡುಗೆಮನೆಯಿಂದ ಬಂದು ನೋಡಿದರೆ ಓದಣ್ಣ ಫೋನು ಹಿಡಿದುಕೊಂಡೇ ರಟ್ಟಿನ ನೋಟುಬುಕ್ಕು ತಿರುವುತ್ತಿದ್ದರು. ಆ ರಾಗ ಅವರಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಹೋಟೆಲಿನಲ್ಲಿ ಪ್ರತಿ ಸಂಜೆಯ ಕೊನೆಗೆ, ಅತಿಥಿಗಳು ಕೋಟು ತೊಟ್ಟು ಏಳುವಾಗ ಅವರೇ ಹಾಡುತ್ತಿದ್ದ ಹಾಡು. ಆ ರಟ್ಟಿನ ನೋಟುಬುಕ್ಕಿನ ಕೊನೆಯ ಪುಟದಲ್ಲಿದೆ. ನಿಧಾನದ ರಾಗ, ಹೋಗಿಬನ್ನಿ ಎನ್ನುವ ಹಾಡಿರಬೇಕು ಎಂದುಕೊಂಡಿದ್ದರು. ನೋಟುಬುಕ್ಕಿನಲ್ಲಿ ಆ ಪುಟದ ಕೊನೆಗೆ ಒಂದು ಚುಕ್ಕೆಯೂ ಇದೆ. ಅಲ್ಲಿ ನಗುತ್ತಿದ್ದರು.

“ರಾಗ ನನ್ನ ಗಂಟಲಲ್ಲೇ ಇತ್ತು, ಮಾತು ನನ್ನ ಕೈಯಲ್ಲೇ ಇತ್ತು. ಎರಡೂ ಒಂದೇ ಅಂತ ಗೊತ್ತಾಗ್ಲಿಲ್ಲ,” ಎಂದು ಹೇಳಿ ಕೆಮ್ಮಿದರು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ತಂಗಿ ಬೆನ್ನು ನೀವುತ್ತ ನನ್ನತ್ತ ನೋಡಿ, ಸಾಕು ಎಂಬಂತೆ ಅಂಗೈ ತೋರಿಸಿದರು.

ಶಸ್ತ್ರಚಿಕಿತ್ಸೆಯ ದಿನ ಆಗಲೇ ಗೊತ್ತಾಗಿತ್ತು. ಇದ್ದಬದ್ದ ದನಿಯಲ್ಲಿ ಈ ಒಂದು ಅಧ್ಯಾಯ ಸರಿಮಾಡಿಬಿಡುತ್ತೇನೆ ಎಂದು ಓದಣ್ಣ ಹಠ ಹಿಡಿದರು. ಕೂಟದವರಿಗೆ ಮೊದಲೇ ತಿಳಿಸುವುದು ಮರ್ಯಾದೆ ಎಂದು ಒಬ್ಬೊಬ್ಬರಿಗೇ ಫೋನು ಮಾಡಿಸಿದರು. ಎಲ್ಲರೂ ಅಯ್ಯೋ ಎಂದರು, ಸರಿ ಎಂದರು. ಒಬ್ಬರಿಗೆ ಮಾತ್ರ ಅದು ಅಷ್ಟು ಸುಲಭವಾಗಿರಲಿಲ್ಲ.

ಅವರು ಹುಟ್ಟಿನಿಂದ ದೃಷ್ಟಿಯಿಲ್ಲದವರು, ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಸಾಮಾನು ತರುತ್ತೇನೆಂದು ಹೋದ ಗಂಡ ವಾಪಸು ಬರಲಿಲ್ಲ. ಏಳು ವರ್ಷ ಅವನ ಚಪ್ಪಲಿಯನ್ನು ಬಾಗಿಲಲ್ಲೇ ಇಟ್ಟುಕೊಂಡು ಕಾದಿದ್ದರು. ಆಮೇಲೆ ಈ ಕಾದಂಬರಿ ಕೈಗೆ ಬಂತು. ಕೊನೆಯ ಹಾಡನ್ನು ಒಂದೇ ದಿನ ಆರು ಸಲ ಕೇಳಿ, ಮರುದಿನ ಚಪ್ಪಲಿ ಎತ್ತಿ ಹೊರಗೆ ಹಾಕಿದರು. ಎರಡು ವರ್ಷದ ನಂತರ ಇನ್ನೊಂದು ಮದುವೆಯಾದರು. ಈಗ ಮಗಳಿದ್ದಾಳೆ. ಇದನ್ನೆಲ್ಲ ಓದಣ್ಣನಿಗೆ ಅವರೇ ಹಿಂದೆ ಹೇಳಿಕೊಂಡಿದ್ದರು, ನಿಮ್ಮ ಹಾಡಿನಿಂದ ಎದ್ದು ನಿಂತೆ ಎಂದಿದ್ದರು.

ಈಗ ಫೋನಿನಲ್ಲಿ ಒಂದೇ ಮಾತು ಕೇಳಿದರು: “ಆ ರಾಗ ತಪ್ಪಾದ್ರೆ, ನಾನು ಮಾಡಿದ್ದೂ ತಪ್ಪಾ ಅಣ್ಣ?”

ಓದಣ್ಣನ ಕೈಯಿಂದ ತಂಗಿ ಫೋನು ಕಿತ್ತುಕೊಂಡರು. “ನಿನ್ನ ಬಾಳು ಸರಿಯಾಗೇ ಇದೆ ಕಣೇ. ಇವನ ರಾಗ ಒಂದೇ ತಪ್ಪು,” ಎಂದು ಗದರಿಸಿದ ಹಾಗೆ ಹೇಳಿ ಇಟ್ಟರು. ಇಟ್ಟ ಮೇಲೆ ಇಬ್ಬರೂ ಊಟ ಮಾಡಲಿಲ್ಲವಂತೆ. ಆಮೇಲೆ ಆ ಹೆಂಗಸು ಇನ್ನೊಮ್ಮೆ ಫೋನು ಮಾಡಿ, ಹಳೆಯದನ್ನು ಅಳಿಸುವ ಮುಂಚೆ ತನಗೆ ತಿಳಿಸಬೇಕು, ಇನ್ನೂ ಸ್ವಲ್ಪ ದಿನ ಕೇಳುವುದಿದೆ ಎಂದರು.

ಲೇಖನ ಬರೆಯುವ ನನಗೆ ಇಲ್ಲಿ ತೀರ್ಪು ಕೊಡುವ ಚಪಲ. ಆ ಹಾಡು ಒಬ್ಬರ ಬದುಕನ್ನು ಎತ್ತಿ ನಿಲ್ಲಿಸಿದೆಯಲ್ಲ, ಹಾಗೇ ಬಿಡಬಾರದೇ ಎಂದೆ. ಓದಣ್ಣ ಇಲ್ಲ ಎಂದು ತಲೆಯಾಡಿಸಿದರು. ಪಿಸುಮಾತಿನಲ್ಲಿ ಹೇಳಿದ್ದು ಇಷ್ಟು: ಬಟ್ಟೆ ಒಗೆಯುವ ಹೆಂಗಸು ಕಾಯುತ್ತಿದ್ದಾಳೆ, ಅವಳನ್ನು ನಾನು ಹನ್ನೊಂದು ವರ್ಷ ನಗಿಸಿದ್ದೇನೆ, ಅವಳಿಗೂ ಒಂದು ಮರ್ಯಾದೆ ಬೇಡವಾ. ಪುಸ್ತಕದ ಪಾತ್ರವೊಂದಕ್ಕೆ ಯಾರಾದರೂ ಹೀಗೆ ತಲೆತಗ್ಗಿಸಿ ಕೂತದ್ದನ್ನು ನಾನು ಕಂಡಿರಲಿಲ್ಲ.

ಬುಧವಾರ. ಮೂರನೇ ಮುಂಜಾವು. ಫ್ರಿಜ್ ಸುಮ್ಮನಾಯಿತು, ಬೀಗದ ಕೈ ಒಳಗೆ ಹೋಯಿತು. ನಾನು ಹೊಟ್ಟೆ ತುಂಬ ತಿಂದುಕೊಂಡೇ ಬಂದಿದ್ದೇನೆ. ಉಳಿದಿರುವುದು ಏಳು ಪುಟ. ಐದೂವರೆಯ ಹೊತ್ತಿಗೆ ಆರು ಪುಟ ಆಗಿದೆ. ‘ಕ’ ಬಂದಾಗಲೆಲ್ಲ ಮರಳು ಉದುರುವುದು ಈಗ ನನ್ನ ಕಿವಿಗೂ ಕೇಳಿಸುತ್ತದೆ.

ಹಾಡು ಬರುತ್ತದೆ. ಅನುವಾದದ ಮಾತು ಉದ್ದ, ರಾಗ ಗಿಡ್ಡ. ಅನುವಾದಕರ ಒಂದು ಪದವನ್ನೂ ಕೊಯ್ಯಕೂಡದು, ಹಾಗಾಗಿ ಉಸಿರು ಎಳೆದು ಹಾಡಬೇಕು. ಎಳೆಯಲು ಉಸಿರಿಲ್ಲ. ಮೊದಲ ಸಲ ‘ಚಿಲಕ’ದಲ್ಲಿ ದನಿ ಮುರಿಯುತ್ತದೆ. ತಂಗಿಯ ಬೆರಳು ಮೇಲೇಳುತ್ತದೆ: ಇನ್ನೊಂದು ಸಲ. ಎರಡನೇ ಸಲ ಕೆಮ್ಮು. ಬೆರಳು. ಮೂರನೇ ಸಲ ಮೇಲಿನ ಮನೆಯವರ ಬಕೆಟ್ಟು ದಡ್ ಎಂದು ಬೀಳುತ್ತದೆ. ಅಂಗೈ, ಆಮೇಲೆ ಬೆರಳು. ನಾಲ್ಕು, ಐದು, ಆರು. ಗಾಜಿನ ಆಚೆ ಓದಣ್ಣನ ಮುಖ ಕೆಂಪಾಗಿ ಊದಿಕೊಂಡಿದೆ. ಸಾಕು ನಿಲ್ಲಿಸಿ ಎಂದು ಕೂಗಿಬಿಡೋಣ ಎನಿಸುತ್ತದೆ ನನಗೆ. ತಂಗಿಯ ಬೆರಳು ಮಾತ್ರ ಅಲುಗದೆ ನಿಂತಿದೆ, ಕಣ್ಣಿಂದ ನೀರು ಸುರಿಯುತ್ತಿದೆ.

ಯಂತ್ರದ ಗಡಿಯಾರದಲ್ಲಿ ಆರು ಗಂಟೆ ನಾಲ್ಕು ನಿಮಿಷ. ಏಳನೇ ಸಲ. ಈಗ ಅವರು ಹಾಡಲು ಹೊರಡುವುದಿಲ್ಲ. ಹೇಳಿಕೊಳ್ಳುತ್ತಾರೆ, ರಾಗ ಹಿಂದಿನಿಂದ ಬಂದು ಕೂಡಿಕೊಳ್ಳುತ್ತದೆ. ಬಾಗಿಲಿಗೆ ಚಿಲಕ ಹಾಕಿಲ್ಲ. ಒಲೆ ಇನ್ನೂ ಬಿಸಿ ಇದೆ. ಎರಡು ತಟ್ಟೆ ತೊಳೆದಿಟ್ಟಿದ್ದೇನೆ. ‘ಬೇಗ ಬಾ’ ಎನ್ನುವಾಗ ದನಿ ಪೂರ್ತಿ ಇಲ್ಲವಾಗಿ ಬರೀ ಗಾಳಿ ಬರುತ್ತದೆ. ತಂಗಿಯ ಬೆರಳು ನಿಧಾನವಾಗಿ ಮಡಚಿ ಮುಷ್ಟಿಯಾಗುತ್ತದೆ.

ಇನ್ನು ಆ ಮೂರು ಪದ. ತಂಗಿ ಕೈಬೀಸಿ ಹೇಳು ಎನ್ನುತ್ತಾರೆ. ಓದಣ್ಣ ಪುಸ್ತಕ ಮುಚ್ಚುತ್ತಾರೆ. ದೀಪ ಆರಿಸುತ್ತಾರೆ. ಅಷ್ಟರಲ್ಲಿ ಬೀದಿಗೆ ಬಸ್ಸು ಬಂದೇಬಿಡುತ್ತದೆ.

ಹೊರಗೆ ಬಂದವರ ಮೇಲೆ ತಂಗಿ ಹರಿಹಾಯ್ದರು. ನಾಳೆ ದನಿಯೇ ಇರುವುದಿಲ್ಲ, ಹೇಳದಿದ್ದರೆ ಪಟ್ಟ ಪಾಡೆಲ್ಲ ನೀರುಪಾಲು, ಪುಸ್ತಕ ಕಪಾಟು ಹತ್ತುವುದಿಲ್ಲ, ಬುದ್ಧಿ ಇದೆಯಾ ನಿನಗೆ ಎಂದರು. ಓದಣ್ಣ ಬಿಸಿನೀರು ಗುಟುಕರಿಸಿ, ಉಳಿದಿರುವ ಪಿಸುದನಿಯನ್ನು ಜೋಡಿಸಿಕೊಂಡು ಹೇಳಿದರು.

“ಅದನ್ನ ಆಸ್ಪತ್ರೆಯಿಂದ ಬಂದು ಹೇಳ್ತೀನಿ, ಪುಟ್ಟಿ. ಕಪ್ಪೆ ದನಿ ಬರ್ಲಿ, ಕಾಗೆ ದನಿ ಬರ್ಲಿ. ಫೋನ್ ಮಾಡಿದ್ಲಲ್ಲ, ಅಲ್ಲೀವರೆಗೆ ಅವಳು ಹಳೇದನ್ನೇ ಕೇಳ್ಕೊಂಡಿರ್ಲಿ.”

ಐವತ್ತಾರು ವರ್ಷದ ಪುಟ್ಟಿ ಫ್ರಿಜ್ ತೆಗೆದು ಬೀಗದ ಕೈ ಎತ್ತಿಕೊಂಡರು. ನಾನು ಜಾಕೀಟು ತೊಡುವಾಗ ಓದಣ್ಣ ನನ್ನ ತೋಳು ಮುಟ್ಟಿದರು. ಆ ಹಾಡನ್ನು ಸಾವಿರಾರು ಸಲ ಹಾಡಿದ್ದೇನೆ, ಅರ್ಥ ಗೊತ್ತಿದ್ದು ಹಾಡಿದ್ದು ಇವತ್ತೊಂದೇ ಸಲ, ಅದನ್ನು ಬರೆಯಿರಿ ಎಂದರು. ಬರೆದಿದ್ದೇನೆ.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನ. ಕತ್ತಿನ ಬುಡದಲ್ಲಿ ಒಂದು ತೂತು, ಅದರಲ್ಲಿ ಕೊಳವೆ, ಉಸಿರು ಈಗ ಅಲ್ಲಿಂದಲೇ. ಗಾಳಿ ನುಂಗಿ ಮಾತಾಡುವುದನ್ನು ಕಲಿಸಿಕೊಡುತ್ತಾರಂತೆ, ಅದಕ್ಕೆ ತಿಂಗಳುಗಳು ಬೇಕು. ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಸ್ಪತ್ರೆಯ ಎಂಟು ಮಂಚದ ವಾರ್ಡಿನಲ್ಲಿ ಕಿಟಕಿಯ ಪಕ್ಕ ಮಲಗಿದ್ದ ಓದಣ್ಣ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ನಾನು ಹೊರಗೆ ಬಂದೆ.

ಕಾರಿಡಾರಿನಲ್ಲಿ ತಂಗಿ ಸಿಕ್ಕರು. ಒಂಬತ್ತು ದಿನದಿಂದ ಅಲ್ಲೇ ಬೆಂಚಿನ ಮೇಲೆ ಮಲಗುತ್ತಿದ್ದಾರೆ. ಏನಾದರೂ ಹೇಳಲು ಪ್ರಯತ್ನಿಸುತ್ತಾರಾ ಎಂದು ಕೇಳಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ದಿನಾ ನಾಲ್ಕೂವರೆಗೆ ಎದ್ದು ಕೂರ್ತಾನೆ. ಮೂರು ಪದ, ಬರೀ ತುಟಿ ಆಡುತ್ತೆ. ಇಪ್ಪತ್ತೆರಡು ವರ್ಷ ಗಾಜಿನಾಚೆಯಿಂದ ಆ ತುಟೀನೇ ನೋಡಿದೀನಲ್ಲ, ನಂಗೆ ಗೊತ್ತಾಗುತ್ತೆ.”

ನೀವೇನು ಮಾಡುತ್ತೀರಿ ಎಂದೆ.

“ನಾನೇನು ಮಾಡ್ಲಿ? ಬೆರಳು ಎತ್ತುತ್ತೀನಿ,” ಎಂದು ತೋರುಬೆರಳು ಎತ್ತಿ ತೋರಿಸಿದರು. “ಇನ್ನೊಂದ್ಸಲ.”